ಹಂಚು

ಮಾರ್ಚಿನಲ್ಲಿ ಹಪ್ಪಳ, ಜೂನಿನಲ್ಲಿ ಒದ್ದೆ ನಾಲಗೆ.
ಮರಗೆಣಸಿನ ಹಿಟ್ಟು ಕಾಸಿ ನಾನು ಎರೆದ ಹಾಳೆ
ವರ್ಷಕ್ಕೆ ಎರಡು ಸಲ ನನ್ನನ್ನು ಸೋಲಿಸುತ್ತದೆ.
ಗ್ಲಿಸರಿನ್ ಹಾಕಿದರೆ ಬಾಗುತ್ತದೆ,
ಹೆಚ್ಚಾದರೆ ಬೆವರುತ್ತದೆ,
ಕಡಿಮೆಯಾದರೆ ಬೆರಳು ತಾಗಿದಲ್ಲೇ ಚಟ್.
ಕೊಣಾಜೆಯ ಗುಡ್ಡದ ಮೇಲೆ ನಮ್ಮ ಪ್ರಯೋಗಶಾಲೆ.
ಕಿಟಕಿ ಮುಚ್ಚಿದರೂ ಕಡಲು ಹೇಗೋ ಹತ್ತಿ ಬರುತ್ತದೆ
ಗಾಜಿನ ತಟ್ಟೆಯ ಅಂಚಿನವರೆಗೆ.
ಪಿಷ್ಟಕ್ಕೆ ನೀರೆಂದರೆ ತವರಿನವರು,
ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಲು ಬರುವುದಿಲ್ಲ ಅದಕ್ಕೆ.

ಜೇಡಿ ಹಾಕಿ ನೋಡು, ಅಂದರು ಹರಿಣಾಕ್ಷಿ ಮೇಡಂ.
ಜೇಡಿ! ನಗು ಬಂತು.
ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ನನ್ನಜ್ಜಿ ಎಸ್ತೇರಮ್ಮ
ಇಪ್ಪತ್ತೆರಡು ವರ್ಷ ಹೊತ್ತದ್ದು ಅದನ್ನೇ:
ದೋಣಿಯಲ್ಲಿ ಬಂದ ನೇತ್ರಾವತಿಯ ಕೆಸರು,
ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ,
ಬುಟ್ಟಿಯಿಂದ ಕುತ್ತಿಗೆಗೆ ಇಳಿಯುವ ತಣ್ಣನೆ ನೀರು.
ನನ್ನದು ಆ ಮಣ್ಣಲ್ಲ.
ಕಚ್ಛದಿಂದ ಡಬ್ಬಿಯಲ್ಲಿ ಬಂದದ್ದು, ಮುಚ್ಚಳದ ಮೇಲೆ ಬೆಲೆ;
ಅರ್ಧ ಗ್ರಾಂ ತೂಗುವಾಗ ಉಸಿರು ಹಿಡಿಯುತ್ತೇನೆ.

ಮೊದಲ ಸಲ ಬೆರೆಯಲೇ ಇಲ್ಲ.
ಗಂಟು ಗಂಟಾಗಿ ಕೂತಿತು, ಮದುವೆ ಹಾಲಿನಲ್ಲಿ
ತಮ್ಮವರ ಪಕ್ಕವೇ ಕುರ್ಚಿ ಹುಡುಕುವವರ ಹಾಗೆ.
ಗಂಟು ಇದ್ದಲ್ಲೇ ಹಾಳೆ ಹರಿಯಿತು.
ಮಣ್ಣಿಗೂ ಪುಟಗಳುಂಟು, ಒಂದಕ್ಕೊಂದು ಅಂಟಿದ ಪುಟ,
ಮೊದಲು ಬಿಡಿಸು, ಆಮೇಲೆ ಹಂಚು, ಅಂದರು ಮೇಡಂ.

ಬಿಡಿಸುವುದು ಎಂತದರಿಂದ?
ಮಲ್ಪೆಯ ಬಂದರಿನಿಂದ ಗೋಣಿಯಲ್ಲಿ ತಂದ ಸಿಗಡಿ ಸಿಪ್ಪೆ
ತೊಳೆದು, ಆಮ್ಲದಲ್ಲಿ ನೆನೆಸಿ, ಕ್ಷಾರದಲ್ಲಿ ಕುದಿಸಿ
ಒಂದು ವಾರ ಕೂದಲಿಗೆಲ್ಲ ಅದೇ ವಾಸನೆ,
ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ.
ಕೊನೆಗೆ ಸಿಕ್ಕಿದ್ದು ಒಂದು ಹಿಡಿ ಬಿಳಿ ಪುಡಿ, ಕೈಟೊಸಾನ್.
ಅದು ಮಣ್ಣಿನ ಪುಟಗಳ ನಡುವೆ ಹೋಗಿ ಕೂತಿತು
ಅಜ್ಜಿಯ ಬೈಬಲಿನಲ್ಲಿ ಹಳೆಯ ಬಸ್ ಟಿಕೆಟು ಕೂತ ಹಾಗೆ,
ಪುಟ ಸ್ವಲ್ಪ, ಸ್ವಲ್ಪವೇ, ಎದ್ದು ನಿಂತಿತು.

ಅಜ್ಜಿಗೆ ವಿವರಿಸಿದೆ:
ಮಣ್ಣಿನ ಹಾಳೆಗಳು ಅಡ್ಡಡ್ಡ ಮಲಗಿದರೆ
ಆವಿಗೆ ನೆಟ್ಟಗೆ ದಾಟಲಿಕ್ಕಾಗುವುದಿಲ್ಲ ಅಜ್ಜಿ,
ಇದರ ತುದಿಗೆ ಹೋಗಿ ಇಳಿಯಬೇಕು, ಮತ್ತೆ ಅದರ ತುದಿಗೆ,
ಹಾಗೆ ಸುತ್ತಿ ಸುತ್ತಿ ಸಾಕಾಗಬೇಕು.
ಅವಳು ಮೀನು ಕೊಯ್ಯುವ ಕೈ ನಿಲ್ಲಿಸಲಿಲ್ಲ.
"ಅದಕ್ಕೆ ಮಾಡು ಅಂತ ಹೆಸರು ಮಾರಾಯ್ತಿ.
ಹಂಚಿನ ಮೇಲೆ ಹಂಚು ಬಾರದೆ ಮಳೆ ನಿಲ್ಲುತ್ತದಾ?
ಪೇರಿಸಬೇಡ ಮತ್ತೆ. ಪಕ್ಕಾಸು ಮುರಿದೀತು."
ನೂರಕ್ಕೆ ಐದು ಹಾಕುತ್ತಿದ್ದೆ.
ಮೂರಕ್ಕೆ ಇಳಿಸಿದೆ.

ಆಗಸ್ಟಿನಲ್ಲಿ ದೋಣಿಗಳು ಮತ್ತೆ ಇಳಿದ ವಾರ
ಮಾರ್ಕೆಟಿನ ಕಲ್ಯಾಣಿ ಪುತ್ರನ್ ನನ್ನ ಚೀಲವನ್ನು
ಬೆಳಕಿಗೆ ಹಿಡಿದು ನೋಡಿದಳು:
"ಇದು ತೊಟ್ಟೆಯಾ, ಗಂಜಿಯ ಕೆನೆಯಾ?"
ಹನ್ನೆರಡು ಬೂತಾಯಿ ಎಣಿಸಿ ಹಾಕಿದಳು, ಬೇಡವೆಂದರೂ ಇನ್ನೊಂದು.
ಮಣ್ಣಿಲ್ಲದ ಚೀಲ ಹೋದ ವರ್ಷ
ಹಂಪನಕಟ್ಟೆಗೇ ಮುಗಿದಿತ್ತು.
ಇದು ಹಂಪನಕಟ್ಟೆ ದಾಟಿತು.
ಜ್ಯೋತಿಯಲ್ಲಿ ಒಂದು ಮೂಲೆ ಮಂಜಾಯಿತು.
ಕಂಕನಾಡಿಯಲ್ಲಿ ಕಂಡಕ್ಟರ್ ನನ್ನ ಮಡಿಲನ್ನೇ ನೋಡಿದ.
ಪಂಪ್‌ವೆಲ್ಲಿನಲ್ಲಿ ನಾನು ಅಡಿಗೆ ಕೈ ಕೊಟ್ಟೆ.
ಸೇತುವೆಯ ಮೇಲೆ, ಕೆಳಗೆ ಕೆಂಪಗೆ ನೇತ್ರಾವತಿ,
ಚೀಲ ಇನ್ನೂ ಚೀಲವೇ ಆಗಿತ್ತು.
ತೊಕ್ಕೊಟ್ಟಿನಲ್ಲಿ ಒಂದೇ ಒಂದು ಬೂತಾಯಿ
ಬಾಲ ಹೊರಗಿಟ್ಟಿತು.

ಪ್ರಬಂಧದಲ್ಲಿ ನಿಲ್ದಾಣಗಳಿಗೆ ಕೋಷ್ಟಕವಿಲ್ಲ.
ಆವಿಯ ಸಾಗಣೆ ಶೇಕಡ ಮೂವತ್ತೆಂಟು ಇಳಿದಿದೆ ಎಂದು ಬರೆದೆ.

ಉಳಿದ ಒಂದು ಚೂರನ್ನು
ಬಸಳೆ ಚಪ್ಪರದ ಬುಡದಲ್ಲಿ ಹೂತು, ಕಡ್ಡಿ ನೆಟ್ಟು, ತಾರೀಕು ಬರೆದಿದ್ದೆ.
ಹತ್ತೊಂಬತ್ತನೆಯ ದಿನ ಅಗೆದರೆ
ಕಡ್ಡಿಯಿತ್ತು, ತಾರೀಕಿತ್ತು, ಇರುವೆಗಳ ಒಂದು ಸಾಲಿತ್ತು.
ಮಣಕಾಲೂರಿ ಕೂತು ಹುಡುಕಿದೆ,
ಈ ಇಷ್ಟೆಲ್ಲ ಮಣ್ಣಿನಲ್ಲಿ
ನೂರಕ್ಕೆ ಮೂರು, ನನ್ನದು ಯಾವುದೆಂದು.
ಬಸಳೆ ಕೊಯ್ಯಲು ಬಂದ ಅಜ್ಜಿ ಕೇಳಿದಳು,
"ಎಂತ ಬಿದ್ದುಹೋಯ್ತು?"