ಮಜಗಾಂವ್, ಎರಡನೇ ಮಾಳಿಗೆ

ಕಿಟಕಿಗೊಂದು, ಕೋಣೆಗೊಂದು,
ಕಪಾಟಿನ ಮಗ್ಗುಲ ಕತ್ತಲಿಗೆಂದೇ ಎರಡು ಸೆಕೆಂಡಿನದೊಂದು.
ಟ್ರೈಪಾಡ್ ಅಲುಗಲಿಲ್ಲ. ಮೂರನೆಯದರ ನಡುವೆ
ಎಸ್ಪೆರಾನ್ಸಾ ಆಂಟಿ ಬಂದು
ಗೋಡೆ ಗಡಿಯಾರ ಇಳಿಸಿಕೊಂಡು ಹೋದರು;
ಕೆಳಗೆ ಟೆಂಪೊ ಹಾರ್ನ್ ಹೊಡೆಯುತ್ತಿತ್ತು.
ಇರಲಿ ಅಂತ ಇನ್ನೊಂದು ತೆಗೆದೆ.

ರಾತ್ರಿ ಪದರದ ಮೇಲೆ ಪದರ ಹಾಸಿದೆ.
ಮಾಸ್ಕಿಗೆ ಕಪ್ಪು ಬಳಿದರೆ ಮರೆ, ಬಿಳಿ ಬಳಿದರೆ ಬಯಲು.
ಮೊದಲನೆಯದರಿಂದ ಬಂದರಿನ ಕ್ರೇನು, ಆಕಾಶ;
ಎರಡನೆಯದರಿಂದ ನೆಲದ ಹಂಚು.
‘ಗೋಡೆ ಖಾಲಿ ಕಾಣಲಿ’ ಎಂದಿದ್ದ ದಲ್ಲಾಳಿ ಪೆಡ್ನೇಕರ್.

ಹೊಗೆಯಂಥ ತೋಳು ಒರೆಸಿದೆ,
ಅರ್ಧ ಗಡಿಯಾರ ಒರೆಸಿದೆ.
ನಾಲ್ಕನೆಯದರಿಂದ ಮೇಲೆದ್ದು ಬಂತು
ದುಂಡಗೆ, ಹಚ್ಚಹಸಿರು ಬಣ್ಣ —
ಮೂವತ್ತು ವರ್ಷದ ಬಿಸಿಲು ಮುಟ್ಟದ್ದು,
ಸುತ್ತ ಗೋಡೆಯೆಲ್ಲ ಮಾಸಿ.

ಬ್ರಶ್ ಎತ್ತಿದೆ. ಇಟ್ಟೆ.
ಪೆಡ್ನೇಕರ್ ಕೇಳಿದರೆ
ಬೆಳಕಿನ ದೋಷ ಎನ್ನುತ್ತೇನೆ.