ಪೀಪಾಯಿ ನಲವತ್ತೊಂದು

ಹಡಗು ವರ್ಷಕ್ಕೊಂದೇ ಸಲ,
ಕಡಲ ಹಿಮ ಬಾಯಿಬಿಟ್ಟ ಮೇಲೆ.
ನಾವು ಕೇಳಿದ್ದು ಕಿಟಕಿಗೆ ಗಾಜು, ಒಲೆಗೊಂದು ತಗಡಿನ ಕೊಳವೆ,
ಕೆಮ್ಮಿಗೆ ಏನಾದರೂ.
ಬಂದದ್ದು ಒಂದು ಪ್ರಶ್ನೆ:
ಹೋದ ವರ್ಷದ ಸೀಲ್ ಎಣ್ಣೆಯಲ್ಲಿ
ಪೀಪಾಯಿ ನಲವತ್ತೊಂದು ಎಲ್ಲಿ?

ಸ್ಕೋವ್ ದೊರೆಗೆ ಅವತ್ತು ಊಟ ಸೇರಲಿಲ್ಲ.
ನಮ್ಮೆದುರು ಗುಡುಗುವವನು,
ನಮ್ಮ ತೊಗಲನ್ನು ತಕ್ಕಡಿಗಿಟ್ಟಾಗ
ತನ್ನ ಹೆಬ್ಬೆರಳನ್ನೂ ಜೊತೆಗೆ ತೂಗುವವನು,
ಕೋಪನ್‌ಹೇಗನ್ನಿನ ಆ ಒಂದು ಹಾಳೆಯ ಮುಂದೆ
ಪಾಠ ಒಪ್ಪಿಸಲಾರದ ಹುಡುಗನ ಹಾಗೆ ಬೆವೆತ.
ಹದಿನಾಲ್ಕು ಹಾಳೆ ಬರೆದ, ಹದಿಮೂರು ಹರಿದ.
ಹರಿದದ್ದನ್ನು ನನ್ನ ಹೆಂಡತಿ ಬೋಲೆತ್ತೆ
ಬೂಟಿನೊಳಗೆ ಹುಲ್ಲಿನ ಜೊತೆ ತುರುಕಿದಳು.
ಬೆಚ್ಚಗಿದೆ ಅಂದಳು.

ನಾನು ಎನೊಕ್, ಪೀಪಾಯಿ ಕಟ್ಟುವವನು.
ನಲವತ್ತೊಂದು ನನಗೆ ಗೊತ್ತು.
ಗಂಟುಬಿದ್ದ ಹಲಗೆ, ದಾರಿಯಲ್ಲೇ ಸೋರಿರಬೇಕು.
ಹಲಗೆ ಕಳಿಸಿದ್ದೂ ಅವರೇ.
ಯಾರೂ ನನ್ನ ಕೇಳಲಿಲ್ಲ.

ಕತ್ತಲ ತಿಂಗಳಲ್ಲಿ ಸ್ಕೋವ್ ಕೆಮ್ಮಿ ಕೆಮ್ಮಿ ತೀರಿಕೊಂಡ.
ಗುದ್ದಲಿ ನೆಲಕ್ಕೆ ತಾಗಿ ಕಿಡಿ ಹಾರಿತು;
ಕಲ್ಲು ಪೇರಿಸಿ ಮುಚ್ಚಿದೆವು.
ಉಳಿದದ್ದು ಬೀಗದಕೈ, ಮೊಹರು, ಮಸಿಕುಡಿಕೆ.
ಮಸಿ ಹೆಪ್ಪುಗಟ್ಟಿತ್ತು, ಕಂಕುಳಲ್ಲಿಟ್ಟು ಕರಗಿಸಿದೆ.
ಅವನ ಅಕ್ಷರ ನನಗೆ ಬರುತ್ತಿತ್ತು,
ಏಳು ವರ್ಷ ನಕಲು ತೆಗೆದ ಕೈ ಇದು.

ಬರೆದೆ: ‘ಉತ್ತರ ಗ್ರೀನ್‌ಲ್ಯಾಂಡ್ ಕಚೇರಿಯಿಂದ.
ನಲವತ್ತೊಂದರ ಬಗ್ಗೆ ತಮ್ಮ ವಿಧೇಯ ಸೇವಕ
ಇನ್ನೂ ವಿಚಾರಿಸುತ್ತಿದ್ದಾನೆ.’
ಸಾವನ್ನು ಯಾವ ಅಂಕಣದಲ್ಲಿ ಬರೆಯುವುದು?
ಎಣ್ಣೆ, ತೊಗಲು, ತಿಮಿಂಗಿಲದೆಲುಬು.
‘ಇತರೆ’ ಎಂಬಲ್ಲಿ ಸೊನ್ನೆ, ಮೊದಲೇ ಅಚ್ಚಾಗಿ ಬಂದಿದೆ.

ಹಿಮ ಒಡೆಯಿತು. ಕಪ್ತಾನ ಕೇಳಿದ: ದೊರೆ ಎಲ್ಲಿ?
ಮಲಗಿದ್ದಾರೆ ಅಂದೆ.
ಅವನಿಗೂ ಅವಸರ, ಒಂದು ಸುದ್ದಿ ಇಳಿಸಿ ಹೊರಡಬೇಕಿತ್ತು:
ರಾಜರು ಹೋದ ಶರತ್ಕಾಲದಲ್ಲೇ ಕಾಲವಾದರು.
ಉಪದೇಶಿ ಪಾವಿಯಾ ಬೆರಳು ಮಡಿಸಿ ಎಣಿಸಿದ,
ಮೂವತ್ತೆರಡು ಭಾನುವಾರ
ನಾವು ಮಂಡಿಯೂರಿ ಆಯುಸ್ಸು ಬೇಡಿದ್ದು
ಪೆಟ್ಟಿಗೆಯಲ್ಲಿದ್ದವನಿಗೆ.
‘ಅಷ್ಟನ್ನೂ ವಾಪಸು ಕೇಳಬಹುದಾ?’ ಅಂದ.
ನಗಲಿಲ್ಲ. ಅವನ ಮಗುವಿಗೂ ಆ ಚಳಿಯಲ್ಲಿ ಕೆಮ್ಮಿತ್ತು.

ಮರುವರ್ಷ ಬೇರೆ ಕಪ್ತಾನ, ಹೊಸ ರಾಜನ ಮೊಹರು:
‘ಶ್ರೀ ಸ್ಕೋವ್ ಅವರ ಕೈಬರಹ ಸುಧಾರಿಸಿದೆ.
ಸಂಬಳಕ್ಕೆ ಎರಡು ದಾಲರ್ ಏರಿಕೆ.
ನಲವತ್ತೊಂದರ ಬಾಬ್ತು ಅದರಿಂದಲೇ ಮುರಿದುಕೊಂಡಿದೆ.’

ಜೊತೆಗೆ ಗಾಜು! ನಾಲ್ಕು,
ಒಣಹುಲ್ಲಿನೊಳಗೇ ಮೂರು ಒಡೆದಿದ್ದವು.
ಉಳಿದೊಂದನ್ನು ಬೋಲೆತ್ತೆ ಕಚೇರಿಗೆ ಬಿಡಲಿಲ್ಲ,
ನಮ್ಮ ಮನೆಯ ಸೀಲ್ ಕರುಳಿನ ಕಿಟಕಿ ಕಿತ್ತು ಕೂರಿಸಿದಳು.
ಅಲ್ಲಿಂದ ಈಗ ಅವನ ಕಲ್ಲುಗುಪ್ಪೆ ನೇರ ಕಾಣುತ್ತದೆ,
ಮೇಲೊಂದು ಕಾಗೆ.
ಮಸಿ ಕಂಕುಳಲ್ಲಿದೆ, ಇನ್ನೂ ಕರಗಿಲ್ಲ.
‘ಏನು ಬರೆಯುತ್ತೀ?’ ಅಂತಾಳೆ.
ಕೆಮ್ಮಿಗೆ ಏನಾದರೂ, ಅಂತೇನೆ, ಮತ್ತೆ.