ಐವತ್ತೇಳು ಇಂಚು

ಸುಲ್ತಾನ್‌ಪೇಟೆಯ ಹಳೇ ಪ್ರೆಸ್ಸಿನ ಗೋಡೆಗೆ
ಇವತ್ತು ಹನ್ನೊಂದನೇ ಮೊಳೆ.
ಚಿತ್ರದ ನಡು ನೆಲದಿಂದ ಐವತ್ತೇಳು ಇಂಚು,
ಪುಸ್ತಕದ ಮಾತು.
"ಯಾರ ಕಣ್ಣಿಗೆ, ಮೇಡಂ?" ಅಂದ
ಏಣಿ ಮೇಲಿಂದ ದಸ್ತಗೀರ್.

ಮೂರು ವರ್ಷದ ಟಿಪ್ಪಣಿಯಲ್ಲಿ ಉತ್ತರವಿರಲಿಲ್ಲ.

ಮಧ್ಯಾಹ್ನ ಪಕ್ಕದ ಬೈಂಡಿಂಗ್ ಅಂಗಡಿಯ ಸಂಪಂಗಮ್ಮ
ಕೈಯ ಗೋಂದು ಸೆರಗಿಗೆ ಒರೆಸುತ್ತ ಬಂದಳು.
ಕತ್ತೆತ್ತಿ ನೋಡಿದಳು, ಹಿಂದೆ ಸರಿದು ನೋಡಿದಳು,
ಕೊನೆಗೆ ಕಾಗದದ ಬಂಡಲ್ ಎಳೆದುಕೊಂಡು
ಹತ್ತಿ ನಿಂತಳು.

ಇಳಿಸಿದೆವು. ಒಂದು ಗೇಣು.

ಫೋನಿನಲ್ಲಿ ಗೈಡ್:
ಪ್ರದರ್ಶನ ಆಯ್ತು, ಸಂಶೋಧನೆ ಎಲ್ಲಿ?
ಮೊಳೆ ಕಿತ್ತ ತೂತಿನಲ್ಲಿ ಬೆರಳಿಟ್ಟು ನಿಂತಿದ್ದೆ,
ಸುಣ್ಣ ಇನ್ನೂ ಉದುರುತ್ತಿತ್ತು.

ದಸ್ತಗೀರ್ ಪುಟ್ಟಿ ಕಲಸತೊಡಗಿದ.
"ಅದನ್ನ ಮುಚ್ಚಬೇಡಪ್ಪ, ಅಡಿಟಿಪ್ಪಣಿ ಅದು."
"ಹಂಗಂತ ಓನರ್‌ಗೆ ನೀವೇ ಹೇಳಿ."